ಇಂಗಮ್‌ನ ರೀನಾ ಕೂರಿಸಿದ ಕಮೋಡ್

ಕಬ್ಬಿನ ಗದ್ದೆಗಳ ಮೇಲಿನ ಮಂಜು ಇನ್ನೂ ಹರಿದಿಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಇಂಗಮ್ ಊರನ್ನೆಲ್ಲ ತುಂಬಿಕೊಂಡಿದೆ. ಕ್ವೇಲ್ ಅವರ ಮರದ ಮನೆಯ ಇಕ್ಕಟ್ಟಾದ ಟಾಯ್ಲೆಟ್‌ನಲ್ಲಿ ಪ್ಲಂಬರ್ ರೀನಾ ಬೊರ್ತೊಲುಸ್ಸಿ ಹಳೆಯ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತುತ್ತಾರೆ. ಒಳಗೊಂದು ಹಸಿರು ಕಪ್ಪೆ ಆರಾಮಾಗಿ ಕೂತಿದೆ. ಈ ಕಡೆ ಅದೇನೂ ಹೊಸತಲ್ಲ. ತಲೆಯ ಮೇಲಿನ ಹ್ಯಾಟು ತೆಗೆದು, ಕಪ್ಪೆಯನ್ನು ಅದರೊಳಗೆ ಇಳಿಸಿಕೊಂಡು, ಹಿತ್ತಲ ಬಾಳೆಯ ಬುಡಕ್ಕೆ ಬಿಟ್ಟು ಬರುತ್ತಾರೆ. "ಬೇರೆ ಮನೆ ನೋಡ್ಕೋ ತಾಯಿ. ಇಲ್ಲಿ ಇವತ್ತು ರಿಪೇರಿ."

ಮನೆಯ ಯಜಮಾನ ಡೂಗಿ ಕ್ವೇಲ್ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಗದ್ದೆಯಿಂದ ಕಾರ್ಖಾನೆಗೆ ಕಬ್ಬು ಸಾಗಿಸುವ ರೈಲು ಓಡಿಸುವವರು, ಇವತ್ತು ರಜೆ ಹಾಕಿದ್ದಾರೆ. ಮಳೆಗಾಲದಲ್ಲಿ ಸೂರಿನಂಚಿನ ನೀರು ಹರಿಯುವ ದೋಣಿಯ ಕಸ ತೆಗೆಯಲು ಏಣಿ ಹತ್ತಿದ ಹೆಂಡತಿ ನೆರಿಡಾ ಬಿದ್ದು ಬೆನ್ನು, ಸೊಂಟ ಎರಡೂ ಮುರಿದುಕೊಂಡರು. ಅಂದಿನಿಂದ ಟೌನ್ಸ್‌ವಿಲ್‌ನ ಆಸ್ಪತ್ರೆಯಲ್ಲೇ ಇದ್ದಾರೆ. ಈಗ ಊರುಗೋಲಿನ ಆಸರೆಯಲ್ಲಿ ನಾಲ್ಕು ಹೆಜ್ಜೆ ಇಡಬಲ್ಲರು. ಆದರೆ ನೆಲಕ್ಕಂಟಿದಂತಿರುವ ಈ ಹಳೇ ಕಮೋಡಿನಿಂದ ಏಳಲಾರರು. ಎತ್ತರದ್ದು ಹಾಕಿಸಿ, ಗೋಡೆಗೆ ಹಿಡಿಕೆ ಕೂರಿಸಿದರಷ್ಟೇ ಮನೆಗೆ ಕಳಿಸುತ್ತೇವೆ ಎಂದಿದ್ದಾರೆ ಅಲ್ಲಿಯವರು. ಆಸ್ಪತ್ರೆಯ ವ್ಯಾನು ಮಧ್ಯಾಹ್ನಕ್ಕೆ ಬರುತ್ತದೆ.

ರೀನಾ ಹಳೇ ಕಮೋಡನ್ನು ಸಡಿಲಿಸಿ, ತಬ್ಬಿಕೊಂಡು ಎತ್ತುತ್ತಾರೆ. ಕೆಳಗಿನ ಹಲಗೆಗೆ ಸ್ಕ್ರೂಡ್ರೈವರ್ ಒತ್ತುತ್ತಾರೆ. ಬೆಣ್ಣೆಗೆ ಚುಚ್ಚಿದಂತೆ ಹಿಡಿಯವರೆಗೂ ಇಳಿಯುತ್ತದೆ.

"ಏನದು?" ಡೂಗಿಯ ದನಿ ಸಣ್ಣಗಾಗುತ್ತದೆ.

"ವರ್ಷಗಟ್ಟಲೆ ಜಿನುಗಿದೆ. ಹಲಗೆ ಪೂರ್ತಿ ಲಡ್ಡಾಗಿದೆ."

"ಈಗ ಸುಮ್ನೆ ಮೇಲೆ ಕೂರಿಸ್ಬಿಡು ರೀನಾ. ನೆಲ ಆಮೇಲೆ ನೋಡೋಣ. ಅವಳು ಬರ್ಲಿ ಮೊದ್ಲು."

"ಬಂದವಳು ಇವತ್ತೇ ಕೂರ್ತಾಳಲ್ಲ, ಡೂಗಿ. ಆಮೇಲೆ ಅಂದ್ರೆ ಯಾವಾಗ? ಅವಳು ಎರಡನೇ ಸಲ ಬಿದ್ಮೇಲಾ?"

ಡೂಗಿ ಆಸ್ಪತ್ರೆಗೆ ಫೋನು ಮಾಡುತ್ತಾರೆ. ವ್ಯಾನು ಹೊರಡುವ ಹೊತ್ತು ಬದಲಾಯಿಸಲಾಗುವುದಿಲ್ಲ. ಇವತ್ತು ತಪ್ಪಿದರೆ ಮತ್ತೆ ಯಾವಾಗ ಎಂದು ಹೇಳಲಾರೆವು ಎನ್ನುತ್ತಾರೆ ಅತ್ತಲಿನವರು. ಅಷ್ಟರಲ್ಲಿ ಅರವತ್ತು ದಾಟಿದ ರೀನಾ ಹೊಟ್ಟೆಯ ಮೇಲೆ ತೆವಳುತ್ತ, ಕುಳ್ಳ ಕಂಬಗಳ ಮೇಲೆ ನಿಂತ ಮನೆಯಡಿಗೆ ನುಗ್ಗಿಯಾಗಿದೆ. ಬೂಟಿನ ತುದಿ ಮಾತ್ರ ಕಾಣುತ್ತಿದೆ. ಕೆಳಗಿನಿಂದ ದನಿ ಬರುತ್ತದೆ: "ತೊಲೆ ಗಟ್ಟಿ ಇದೆ. ಹಲಗೆ ಹೋದ್ರೆ ಹೋಗ್ಲಿ. ಶೆಡ್ಡಲ್ಲಿ ಗಟ್ಟಿ ಮರ ಏನಿದೆ ನೋಡು."

ರೀನಾ ಈ ಕಸುಬಿಗೆ ಬಂದಿದ್ದು ತಡವಾಗಿ. ಅಪ್ಪ ಇಟಲಿಯಿಂದ ಕಬ್ಬು ಕಡಿಯಲು ಬಂದವರು. ಗಂಡ ರೇ ಪ್ಲಂಬರ್ ಆಗಿದ್ದರು. ಅವರ ಜೊತೆ ಪೈಪು ಹೊತ್ತು, ಸ್ಪ್ಯಾನರ್ ಎತ್ತಿಕೊಟ್ಟು ಅರ್ಧ ಕಲಿತಿದ್ದರು. ರೇ ಹೃದಯಾಘಾತದಿಂದ ಹೋದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ ತರಗತಿಯಲ್ಲಿ ಕೂತು ಉಳಿದರ್ಧ ಕಲಿತು ಲೈಸೆನ್ಸ್ ಪಡೆದರು.

"ಬಾಗಿಲು ತೆಗೆದವ್ರು ನನ್ನ ಬೆನ್ನ ಹಿಂದೆ ಹುಡುಕೋರು, ಪ್ಲಂಬರ್ ಎಲ್ಲಿ ಅಂತ. ಗಂಡ ಯಾವಾಗ ಬರ್ತಾನೆ ಅನ್ನೋರು. ಅವ್ನು ಬರೋ ಹಾಗಿದ್ರೆ ನಾನ್ಯಾಕೆ ಬರ್ತಿದ್ದೆ ಅಂತಿದ್ದೆ," ಎಂದು ನಗುತ್ತಾರೆ.

ಮೊದಲು ಕರೆದವರು ಎಡ್ನಾ ಸ್ಪ್ರೈ ಎಂಬ ವಿಧವೆ. "ಹೆಂಗಸು ಬಂದ್ರೆ ನಾನು ನೈಟಿ ಬದಲಾಯಿಸೋ ತಾಪತ್ರಯ ಇಲ್ಲ ಅಂತ ಕರೆದಿದ್ದಂತೆ. ಆಮೇಲೆ ಚರ್ಚಲ್ಲಿ, ಅಂಗಡೀಲಿ, ಬಸ್ ಸ್ಟಾಪಲ್ಲಿ ನನ್ನ ಹೆಸರು ಹೇಳ್ಕೊಂಡು ತಿರುಗಿದ್ರು. ಈಗಿಲ್ಲ ಅವ್ರು. ನಾನು ಉಣ್ತಿರೋ ಅನ್ನ ಎಡ್ನಾ ಬಾಯಿಮಾತಿಂದ ಬಂದಿದ್ದು."

ಆಮೇಲಿನ ಬದುಕು ಸುಲಭವೇನಲ್ಲ. ಹರ್ಬರ್ಟ್ ನದಿ ಉಕ್ಕಿದ ವರ್ಷಗಳಲ್ಲಿ ಊರಿನ ಕೆಸರೆಲ್ಲ ಕಮೋಡುಗಳಿಂದ ಮೇಲೆ ಬರುತ್ತದೆ, ಊರೆಲ್ಲ ರೀನಾರನ್ನೇ ಕೂಗುತ್ತದೆ. ದಿನಕ್ಕೆ ಮೂರು ನಾಲ್ಕು ಮನೆ. ಸೋರುವ ನಲ್ಲಿ, ತುಕ್ಕು ಹಿಡಿದ ಶವರ್, ಬಿರುಕು ಬಿಟ್ಟ ಸಿಂಕ್. ಮಂಡಿ ಸವೆದಿದೆ. ಬೆರಳ ಗೆಣ್ಣುಗಳು ದಪ್ಪವಾಗಿವೆ.

ಶೆಡ್ಡಿನಲ್ಲಿ ಡೂಗಿಗೆ ಗಟ್ಟಿ ಮರದ ಹಳೇ ಹಲಗೆಗಳು ಸಿಗುತ್ತವೆ. ಕೊಳೆತದ್ದನ್ನು ರೀನಾ ಒಳ್ಳೆಯ ಮರ ಸಿಗುವವರೆಗೂ ಕೊಯ್ದು ಎಸೆಯುತ್ತಾರೆ. ತೊಲೆಗೆ ಒತ್ತಾಸೆ ಕೊಟ್ಟು ಹೊಸ ಹಲಗೆ ಜಡಿಯುತ್ತಾರೆ. ಡೂಗಿ ಗಡಿಯಾರ ನೋಡುತ್ತಾರೆ, ರಸ್ತೆ ನೋಡುತ್ತಾರೆ.

"ರಸ್ತೆ ನೋಡಿದ್ರೆ ವ್ಯಾನು ನಿಧಾನ ಬರತ್ತಾ? ಇಲ್ಲಿ ಟಾರ್ಚ್ ಹಿಡಿ ಮಾರಾಯ."

ಹೊಸ ಕಮೋಡ್ ಕೂರುತ್ತದೆ. ಕೈ ತೊಳೆಯುವ ಬೇಸಿನ್ನಿನ ತಿರುಗಿಸುವ ನಲ್ಲಿ ಹೋಗಿ, ಮೊಣಕೈಯಲ್ಲೂ ತಳ್ಳಬಹುದಾದ ಉದ್ದ ಹಿಡಿಯ ನಲ್ಲಿ ಬರುತ್ತದೆ. ಗೋಡೆಯೊಳಗಿನ ಕಂಬವನ್ನು ತಟ್ಟಿ ಹುಡುಕಿ, ಅದಕ್ಕೇ ಸ್ಕ್ರೂ ಇಳಿಸಿ ಹಿಡಿಕೆ ಬಿಗಿಯುತ್ತಾರೆ. ಕೊನೆಗೆ ರೀನಾ ತಾವೇ ಧೊಪ್ಪನೆ ಕೂತು, ಹಿಡಿಕೆಗೆ ಜೋತುಬಿದ್ದು ಜಗ್ಗುತ್ತಾರೆ. "ನಿನ್ನ ಹೆಂಡ್ತಿಗಿಂತ ನಾನು ಎರಡರಷ್ಟಿದ್ದೀನಿ. ನನ್ನ ತಡೆದಿದ್ದು ಅವಳನ್ನ ತಡೆಯತ್ತೆ."

ಉಪಕರಣ ಒರೆಸುತ್ತಿರುವಾಗಲೇ ವ್ಯಾನು ಅಂಗಳಕ್ಕೆ ಬರುತ್ತದೆ. ಡೂಗಿ ಹಾಕಿದ ಇಳಿಜಾರು ಹಲಗೆಯ ಮೇಲೆ ನೆರಿಡಾ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಒಳಗೆ ಬರುತ್ತಾರೆ. ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳನ್ನು ಗದರಿಸಿ ತಿನ್ನಿಸುತ್ತಿದ್ದ ಗಟ್ಟಿಗಿತ್ತಿ ಅರ್ಧವಾಗಿದ್ದಾರೆ. ಅಡುಗೆಮನೆಯಲ್ಲಿ ಕೇಕ್ ಇದೆ, ಕಿಟಕಿಯಲ್ಲಿ ಹೂವಿದೆ. ನೆರಿಡಾ ಯಾವುದನ್ನೂ ನೋಡದೆ ನೇರ ಟಾಯ್ಲೆಟ್‌ನತ್ತ ಹೋಗುತ್ತಾರೆ. ಡೂಗಿ ಹಿಂದೆಯೇ ಹೋಗುತ್ತಾರೆ.

"ನೀನೆಲ್ಲಿಗೆ?"

"ಹಿಡ್ಕೊಳ್ಳೋಕೆ."

"ಐದು ತಿಂಗಳಿಂದ ಯಾರಾದ್ರೂ ಒಬ್ರು ಹಿಡ್ಕೊಂಡೇ ಇದ್ದಾರೆ, ಡೂಗಿ. ಬಾಗಿಲು ಹಾಕ್ಕೋತೀನಿ, ಹೋಗು."

ಚಿಲಕ ಬೀಳುವ ಸದ್ದು. ಡೂಗಿ ಗೋಡೆಗೆ ಕಿವಿ ಕೊಟ್ಟಂತೆ ನಿಂತಿದ್ದಾರೆ. ರೀನಾ ಅವರ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ಯುತ್ತಾರೆ. ಬಹಳ ಹೊತ್ತಾದ ಮೇಲೆ ನೀರು ಭೋರೆಂದು ಹರಿಯುತ್ತದೆ. ಡೂಗಿ ಕುರ್ಚಿಯ ಮೇಲೆ ಕುಸಿದು ಅಂಗೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಹೊರಬಂದ ನೆರಿಡಾ ಒದ್ದೆ ಕೈಗಳಲ್ಲೇ ರೀನಾರ ಕೆನ್ನೆ ಹಿಡಿಯುತ್ತಾರೆ. "ಒಬ್ಬಳೇ ಕೂತೆ, ಒಬ್ಬಳೇ ಎದ್ದೆ. ಈಗ ಮನೆಗೆ ಬಂದೆ ಅನ್ನಿಸ್ತು ಕಣೇ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ರೀನಾ ಕೇಕಿನ ಚೂರೊಂದನ್ನು ಬಾಯಿಗೆ ತುರುಕಿಕೊಂಡು ಗಾಡಿಯತ್ತ ನಡೆಯುತ್ತಾರೆ. ಹಳೇ ಕಮೋಡನ್ನು ಹಿಂಬದಿಗೆ ಹೇರಿ, ಹಗ್ಗ ಬಿಗಿಯುತ್ತ ಬೀದಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸುತ್ತಾರೆ.

"ನಂಗೆ ದೊಡ್ಡ ಹೆಸರು ಗಿಸರು ಏನೂ ಬೇಡಪ್ಪ," ಎನ್ನುತ್ತಾರೆ. "ಈ ಬೀದೀಲಿ ಬೆಳಗ್ಗೆ ಎದ್ದವ್ರೆಲ್ಲ ಮೊದ್ಲು ನನ್ನ ಕೆಲಸದ ಮೇಲೇ ಕೂರೋದು. ಅಷ್ಟು ಸಾಕು."