ಇಟಲಿಯ ಅಜ್ಜಿಯ ಹಲಗೆ

ಕಳೆದ ಭಾನುವಾರ ರಾಯಕೋಟೆಯ ಗೆಳೆಯ ಗೋಪಾಲಪ್ಪನ ಮನೆಯಲ್ಲಿ ನಮಗೆ ಮೂರು ಎಲೆ ಹಾಕಿದ್ದರು. ಎರಡು ನಡುಮನೆಯಲ್ಲಿ. ಒಂದು ಜಗುಲಿಯ ಮೇಲೆ.

ಆ ಒಂದು ಎಲೆ ಯಾರದು? ಹೇಳುತ್ತೇನೆ. ಅದಕ್ಕೆ ಮೊದಲು ನೀವು ನನ್ನ ಜೊತೆ ಇಟಲಿಗೆ ಬರಬೇಕು. (ಹೆದರಬೇಡಿ, ಈ ಸಲ ಗುಂಡಿನ ಸದ್ದಿಲ್ಲ.)

ಜರ್ಮನಿ ಸೋತು ಯುದ್ಧ ಮುಗಿದಿತ್ತು. ಊರಿಗೆ ಕರೆದೊಯ್ಯುವ ಹಡಗು ಬಂದಿರಲಿಲ್ಲ. ನಮ್ಮ ಮಿಲಿಟರಿ ಲಾರಿ ಕಂಪನಿಯಲ್ಲಿ ಹೊಸೂರು ಕಡೆಯವರು ಮೂವರೇ: ಡ್ರೈವರ್ ಗೋಪಾಲಪ್ಪ, ಬಾಗಲೂರಿನ ಫಿಟ್ಟರ್ ಮುನಿಸ್ವಾಮಿ, ಮತ್ತಿಗಿರಿಯ ಗುಮಾಸ್ತನಾದ ನಾನು. ಒಂದು ದಿನದ ಲೀವ್ ಸಿಕ್ಕಿತು. ಗುಡ್ಡದ ಮೇಲೊಂದು ಊರು ಕಾಣುತ್ತಿತ್ತು. ನೋಡಿಬರೋಣ ಎಂದು ಹೊರಟೆವು.

ಇಗರ್ಜಿಯ ಗಂಟೆಗೋಪುರ ಹತ್ತಿದೆವು. ("ನಮ್ ರಾಯಕೋಟೆ ಬೆಟ್ಟದ ಮುಂದೆ ಇದೇನ್ಲಾ," ಎಂದ ಗೋಪಾಲಪ್ಪ, ಏದುಸಿರು ಬಿಡುತ್ತಲೇ.) ಮರಗಳಿಗೆ ಹಬ್ಬಿಸಿದ ದ್ರಾಕ್ಷಿ ಬಳ್ಳಿ ನೋಡಿದೆವು. ಇವರು ಚಪ್ಪರ ಯಾಕೆ ಹಾಕುವುದಿಲ್ಲ? ಕೇಳೋಣವೆಂದರೆ ಭಾಷೆ ಬರಬೇಕಲ್ಲ!

ಆಮೇಲೆ ಎತ್ತುಗಳು ಕಂಡವು. ಸುಣ್ಣದಷ್ಟು ಬಿಳುಪು, ಭಾರಿ ಮೈ. ಗೋಪಾಲಪ್ಪ ತಡೆದುಕೊಳ್ಳುತ್ತಾನೆಯೇ? ಸೀದಾ ಹೋಗಿ ಒಂದರ ಬಾಯಿ ಬಿಡಿಸಿ ಹಲ್ಲು ಎಣಿಸತೊಡಗಿದ. ಎತ್ತಿನ ಯಜಮಾನ, ಒಬ್ಬ ಮುದುಕ, ಕೂಗುತ್ತಾ ಓಡಿಬಂದ. ಗೋಪಾಲಪ್ಪ ಆರು ಬೆರಳು ತೋರಿಸಿದ. ಮುದುಕ ಆರಲ್ಲ, ಎಂಟು ಎಂದು ತಾನೇ ಎತ್ತಿನ ತುಟಿ ಎತ್ತಿ ತೋರಿಸಿದ. ಇಬ್ಬರೂ ಮತ್ತೆ ಎಣಿಸಿ ನಕ್ಕರು. ಮುದುಕ ಕೈಸನ್ನೆಯಲ್ಲೇ ನಮ್ಮನ್ನು ಊಟಕ್ಕೆ ಕರೆದ. (ನಮ್ಮ ಸಂತೆಯಲ್ಲಾಗಿದ್ದರೆ ಇಷ್ಟಕ್ಕೆ ಜಗಳವಾಗುತ್ತಿತ್ತು.)

ಒಳಗೆ ಅವನ ಹೆಂಡತಿ, ಒಬ್ಬ ಅಜ್ಜಿ, ಹಂಡೆಯಂಥ ಪಾತ್ರೆಯಲ್ಲಿ ಏನನ್ನೋ ಕೋಲಿನಿಂದ ತೊಳಸುತ್ತಿದ್ದಳು. ಮುನಿಸ್ವಾಮಿ ಇಣುಕಿದ. "ಮುದ್ದೆ ಕಣ್ಲಾ! ಮುಸುಕಿನ ಜೋಳದ ಮುದ್ದೆ!"

ಮುದ್ದೆಯೇ ಸರಿ. ಆದರೆ ಅಜ್ಜಿ ಅದನ್ನು ಉಂಡೆ ಕಟ್ಟಲಿಲ್ಲ. ದೊಡ್ಡದೊಂದು ಹಲಗೆಯ ಮೇಲೆ ಅಷ್ಟನ್ನೂ ಸುರಿದು ಹರಡಿದಳು. ಮೇಲೆ ಟೊಮೆಟೊ ಗೊಜ್ಜು. ನಟ್ಟನಡುವೆ ಒಂದು ತುಂಡು ಚೀಸ್. ತಟ್ಟೆಗಳಿಲ್ಲ. ಸುತ್ತ ಕೂತು, ಅವರವರ ಅಂಚಿನಿಂದ ತಿನ್ನುತ್ತಾ ನಡುವಿಗೆ ಬರಬೇಕು. ಅದು ಅವರ ಪದ್ಧತಿ.

ಗೋಪಾಲಪ್ಪನ ಮುಖ ಇಳಿದುಹೋಯಿತು. ಎಂಜಲು! ಅದೂ ಯಾರ ಜೊತೆ? ಮುನಿಸ್ವಾಮಿಯ ಮನೆ ಊರಾಚೆಯ ಕೇರಿಯಲ್ಲಿ. ಕ್ಯಾಂಪಿನಲ್ಲಿ ಪಕ್ಕಪಕ್ಕ ಕೂತು ಉಂಡದ್ದುಂಟು, ಆದರೆ ಅವರವರ ತಟ್ಟೆಯಲ್ಲಿ. ಮುನಿಸ್ವಾಮಿಗೆ ಅರ್ಥವಾಯಿತು. "ನಂಗೆ ಹಸಿವಿಲ್ಲ ಕಣ್ಲಾ, ನೀವ್ ಉಣ್ಣಿ," ಎಂದು ಕೈ ಹಿಂದಕ್ಕೆ ತೆಗೆದುಕೊಂಡ.

ಅಜ್ಜಿಗೆ ಏನು ತಿಳಿಯಿತೋ, ಹಿಟ್ಟಿನ ಚೀಲ ತಂದು ಕೊಡವಿ ತೋರಿಸಿದಳು. ಖಾಲಿ. ಮನೆಯಲ್ಲಿದ್ದ ಹಿಟ್ಟನ್ನೆಲ್ಲ ನಮಗಾಗಿ ಸುರಿದುಬಿಟ್ಟಿದ್ದಳು. ನನಗೆ ನಾಚಿಕೆಯಾಯಿತು.

"ಕೂತ್ಕಳ್ಲಾ ಮುನ್ಸಾಮಿ," ಎಂದ ಗೋಪಾಲಪ್ಪ ತಟ್ಟನೆ. "ಇಲ್ಲಿ ಯಾರ್ ನೋಡ್ತಾರೆ?"

ಕೂತೆವು. ಗೋಪಾಲಪ್ಪ ನಿಂಬೆಗಾತ್ರದ ಉಂಡೆ ಮಾಡಿ, ಗೊಜ್ಜಿನಲ್ಲಿ ಅದ್ದಿ, ಗುಳುಂ ಎಂದು ನುಂಗಿದ. ಗಂಟಲಿಗೆ ಸಿಕ್ಕಿಕೊಂಡಿತೆಂದು ಅಜ್ಜಿ ಚೀರಿ ಅವನ ಬೆನ್ನಿಗೆ ನಾಲ್ಕು ಗುದ್ದಿದಳು. ಮುದ್ದೆಯನ್ನು ಅಗಿಯಬಾರದು ಎಂದು ಅವಳಿಗೆ ವಿವರಿಸುವುದು ಹೇಗೆ? ಮೂವರೂ ನುಂಗಿ ತೋರಿಸಿದೆವು. ಮುದುಕನೂ ನುಂಗಲು ಹೋಗಿ ಕೆಮ್ಮಿದ. ಕೊನೆಗೆ ಗೋಪಾಲಪ್ಪನ ಕೈ, ಮುನಿಸ್ವಾಮಿಯ ಕೈ ಒಟ್ಟಿಗೇ ಚೀಸ್ ಮುಟ್ಟಿದವು. ಗೋಪಾಲಪ್ಪ ಅದನ್ನು ಮುರಿದು ಅರ್ಧ ಅವನ ಕೈಗಿಟ್ಟ. ಅಂಥ ಊಟವನ್ನು ನಾನು ಮತ್ತೆ ಉಂಡಿಲ್ಲ.

ಈಗ ಭಾನುವಾರಕ್ಕೆ ಬನ್ನಿ. ಊರಿಗೆ ಬಂದ ಮೇಲೆ ಮೂವರೂ ಒಟ್ಟಿಗೆ ಸೇರಿದ್ದು ಇದೇ ಮೊದಲು. ಜಗುಲಿಯ ಎಲೆ ಮುನಿಸ್ವಾಮಿಯದು. ಹಾಕಿದ್ದು ಗೋಪಾಲಪ್ಪನ ತಾಯಿ. ಯಾರೂ ಹೇಳುವ ಮೊದಲೇ ಅವನು ಅಲ್ಲಿ ಹೋಗಿ ಕೂತ. ಗೋಪಾಲಪ್ಪ ನನ್ನ ಮುಖ ನೋಡಿದ. ನಾನು ನನ್ನ ಎಲೆಯ ಮುದ್ದೆ, ಅವರೆಕಾಳಿನ ಸಾರು ನೋಡಿದೆ.

ಸ್ವಲ್ಪ ಹೊತ್ತಿಗೆ ಜಗುಲಿಯಿಂದ ಮುನಿಸ್ವಾಮಿಯ ದನಿ ಬಂತು. "ಗೋಪಾಲಪ್ಪನೋರೇ, ಆ ಅಜ್ಜಿ ಹಲಗೆ ಏಟು ಅಗಲ ಇತ್ತು?" (ಇಟಲಿಯಲ್ಲಿ 'ಲಾ' ಎನ್ನುತ್ತಿದ್ದವನು.)

ಗೋಪಾಲಪ್ಪ ತಲೆ ಎತ್ತಲಿಲ್ಲ. ನನಗೆ ಚೆನ್ನಾಗಿ ನೆನಪಿತ್ತು, ಐದು ಜನ ಸುತ್ತ ಕೂರುವಷ್ಟು. ಹೇಳಲಿಲ್ಲ.

ಬಾಯಿ ತುಂಬ ಮುದ್ದೆಯಿತ್ತು, ಅದಕ್ಕೇ ಸುಮ್ಮನಿದ್ದೆ ಎಂದು ಬರೆದುಬಿಡಬಹುದಿತ್ತು. ಆದರೆ ಮುದ್ದೆಯನ್ನು ನಾವು ಅಗಿಯುವುದಿಲ್ಲವಲ್ಲ?