ಅಳಿಸಿದ ನಾಲ್ಕನೆಯ ಸಾಲು

ಈಗ ಹೇಳಹೊರಟಿರುವುದು ನಮ್ಮ ಮನೆಯಲ್ಲಿ ನಡೆದದ್ದೋ, ಅಪ್ಪನ ಕಾದಂಬರಿಯಲ್ಲಿ ನಾನು ಓದಿದ್ದೋ, ನನಗೆ ಖಾತ್ರಿಯಿಲ್ಲ. ಯಲಬುರ್ಗಾದ ಬಾಡಿಗೆ ಮನೆಯ ಪಡಸಾಲೆ. ಶಾಲೆಯ ಮಾಸ್ತರನಾಗಿದ್ದ ಅಪ್ಪ ಗೋಡೆಗೆ ಒರಗಿ ಕೂತು ಜನಗಣತಿಯ ಹಾಳೆಗಳನ್ನು ತಾಳೆ ನೋಡುತ್ತಿದ್ದಾನೆ. ಪಕ್ಕದಲ್ಲಿ ಅಕ್ಕ ಕಾಲು ಚಾಚಿ ಕೂತು ಹೆಸರುಗಳನ್ನು ಒಂದೊಂದಾಗಿ ಓದುತ್ತಾಳೆ, ಅಪ್ಪ ಒಂದೊಂದಕ್ಕೂ ಗುರುತು ಹಾಕುತ್ತಾನೆ. ನಾನು ಹೊಸ್ತಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೇನೆ. ನಮ್ಮ ಮನೆಯ ಸರದಿ ಬಂದಾಗ ಅಕ್ಕ ಅಪ್ಪನ ಹೆಸರು, ಅವ್ವನ ಹೆಸರು, ನನ್ನ ಹೆಸರು ಮೆಲ್ಲಗೆ ಓದಿ, ತನ್ನ ಹೆಸರನ್ನು ಮಾತ್ರ ಓಣಿಗೆಲ್ಲ ಕೇಳುವಂತೆ ಓದುತ್ತಾಳೆ. ಅಪ್ಪ ನಗುತ್ತಾನೆ.

ಇದೇ ದೃಶ್ಯ ಅಪ್ಪನ ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿ ಇದೆ. ಮಾಸ್ತರ, ಮಗಳು, ಗೋಡೆ, ಜೋರಾಗಿ ಓದಿದ ಹೆಸರು, ಎಲ್ಲವೂ ಇವೆ. ಶೇಂಗಾ ಮಾತ್ರ ಇಲ್ಲ. ಆ ಶೇಂಗಾ ಒಂದನ್ನೇ ಹಿಡಿದುಕೊಂಡು ಇದು ನನ್ನದೇ ನೆನಪು ಎಂದು ಬಹಳ ವರ್ಷ ನಂಬಿದ್ದೆ. ಧಾರವಾಡದಲ್ಲಿ ಇತಿಹಾಸ ಓದಿದ ಮೇಲೆ ಆ ನಂಬಿಕೆ ಸಡಿಲಾಯಿತು. ಓದಿದ್ದಕ್ಕೆ ಒಂದು ಹಿಡಿ ಶೇಂಗಾ ಸೇರಿಸುವುದು ಮನಸ್ಸಿಗೆ ದೊಡ್ಡ ಕೆಲಸವೇನಲ್ಲ.

ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ಹೀಗಾಗಿ ಕೇಳಬಹುದಾಗಿದ್ದವಳು ಅಕ್ಕ ಒಬ್ಬಳೇ. ಅವಳು ಹೇಳುವುದು ಒಂದೇ ಮಾತು: ತಾನು ಆ ಮನೆಯಲ್ಲಿ ಇರಲೇ ಇಲ್ಲ. ಕೂಸಾಗಿದ್ದಾಗ ಅವಳಿಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತಂತೆ. ಯಲಬುರ್ಗಾದ ಸವುಳು ನೀರು ಅವಳಿಗೆ ಒಗ್ಗುವುದಿಲ್ಲವೆಂದು ಗಂಗಾವತಿಯಲ್ಲಿ ಅವ್ವನ ತವರಿಗೆ ಕಳಿಸಿದರು. ಅಲ್ಲೇ ಬೆಳೆದಳು, ಓದಿದಳು, ಮದುವೆಯಾಗಿ ಕುಷ್ಟಗಿಗೆ ಹೋದಳು. ಅಪ್ಪ ತನ್ನನ್ನು ಬಿಟ್ಟುಕೊಟ್ಟ ಎಂಬುದು ಅವಳ ಎದೆಯಲ್ಲಿ ಕೂತಿದೆ. ಅಪ್ಪನ ಓದುಗರು ಸಿಕ್ಕಾಗಲೆಲ್ಲ ‘ಕಾದಂಬರ್ಯಾಗಿನ ಹುಡುಗಿ ನೀವ ಹೌದಿಲ್ರಿ’ ಎಂದು ಕೇಳುತ್ತಾರೆ. ಅವಳ ಉತ್ತರ ಸಿದ್ಧ: “ಪುಸ್ತಕದಾಗ ಇದ್ದೆರಿ, ಮನ್ಯಾಗ ಇರಲಿಲ್ಲ.”

ಈ ವರ್ಷ ಆ ಮಾತನ್ನು ನಕ್ಕು ತೇಲಿಸಿಬಿಡುವಂತಿರಲಿಲ್ಲ. ಕಾದಂಬರಿಯನ್ನು ಮರುಮುದ್ರಣ ಮಾಡುವ ಪ್ರಕಾಶಕರು, ಅಪ್ಪನ ಮನೆಯಲ್ಲಿ ಕಳೆದ ಬಾಲ್ಯದ ಬಗ್ಗೆ ಅಕ್ಕನೇ ನಾಲ್ಕು ಪುಟದ ಮುನ್ನುಡಿ ಬರೆಯಬೇಕೆಂದು ಹಟ ಹಿಡಿದರು. ಅವಳನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊಪ್ಪಳದಿಂದ ಕುಷ್ಟಗಿಗೆ ಹೋದೆ. ಅವಳದು ಬಸ್ ಸ್ಟ್ಯಾಂಡಿನ ಹಿಂದೆ ಬ್ಲೌಸು ಹೊಲಿಯುವ ಸಣ್ಣ ಅಂಗಡಿ. ನಾನು ವಿಷಯ ಹೇಳಿ ಮುಗಿಸುವ ತನಕ ಅವಳು ಮಷಿನ್ ನಿಲ್ಲಿಸಲಿಲ್ಲ.

“ಸುಳ್ಳು ಬರಿಯಾಕ ನಮ್ಮ ಮನಿತನದಾಗ ಒಬ್ಬಾಂವ ಇದ್ದನಲ್ಲ, ಸಾಕು,” ಎಂದಳು.

“ಸುಳ್ಳು ಯಾಕ ಬರೀತಿ? ನೆನಪಿದ್ದಷ್ಟು ಬರಿ.”

“ನೆನಪಿದ್ರಲ್ಲ! ಆ ಮನಿ ಬಾಗಲಾ ಯಾವ ದಿಕ್ಕಿಗಿತ್ತು ಅಂತ ಕೇಳಿದ್ರ ನಾ ನಿನ್ನ ಮಾರಿ ನೋಡಬೇಕು.”

ನಾನು ಪಡಸಾಲೆಯ ಕತೆ ಹೇಳಿದೆ. ಅವಳು ಹಲ್ಲಿನಿಂದ ದಾರ ಕಡಿದು ನನ್ನತ್ತ ತಿರುಗಿದಳು. “ಏ ಶಾಣ್ಯಾ, ಅದು ಮೂರನೇ ಅಧ್ಯಾಯ. ನಾನೂ ಓದೀನಿ.”

“ಶೇಂಗಾ ಅದರಾಗ ಇಲ್ಲಲ್ಲ.”

“ನೀ ಎಲ್ಲಿ ಕುಂತರೂ ಶೇಂಗಾ ತಿಂತಿದ್ದಿ. ಅದೊಂದು ಸಾಕ್ಷಿ ಏನು?” ಹೊಲಿಯುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. “ಅಪ್ಪ ಊರ ಮಂದೀನೆಲ್ಲಾ ಎಣಿಸ್ಯಾನಲ್ಲ, ನಮ್ಮ ಮನಿ ಎಣಿಸೋ ಮುಂದ ನನ್ನ ಹೆಸರು ಬರದಾನೋ ಇಲ್ಲೋ? ಅಷ್ಟು ನೋಡಿ ಹೇಳು. ಬರದಾನಂದ್ರ ಮುನ್ನುಡಿ ಬರೀತೀನಿ. ಇಲ್ಲಂದ್ರ ಈ ವಿಷಯ ಇಲ್ಲಿಗೆ ಬಿಡು.”

ಮರುದಿನ ಕೊಪ್ಪಳದ ಕಚೇರಿಯೊಂದಕ್ಕೆ ಹೋಗಿ ಹಳೆಯ ಜನಗಣತಿಯ ಮನೆವಾರು ಫಾರ್ಮುಗಳು ಸಿಗುತ್ತವೆಯೇ ಎಂದು ಕೇಳಿದೆ. ಗುಮಾಸ್ತ ಕನ್ನಡಕ ಹಣೆಯ ಮೇಲೆ ಏರಿಸಿ ನನ್ನನ್ನು ನೋಡಿದ.

“ಮಂದಿ ಹೆಸರು ಕೊಡಂಗಿಲ್ರಿ. ಅದು ಗುಪ್ತ.”

“ಬರದಾವರು ನಮ್ಮಪ್ಪರೀ.”

“ನಿಮ್ಮಪ್ಪಾರು ಬರದಿದ್ರೂ ಗುಪ್ತರಿ. ಆ ಫಾರ್ಮು ಇಷ್ಟು ವರ್ಷ ಯಾರೂ ಇಟ್ಕೊಂಡಿರಂಗೂ ಇಲ್ಲ. ಊರಾಗ ಗಂಡಸರೆಷ್ಟು, ಹೆಂಗಸರೆಷ್ಟು ಅಂತ ಬೇಕಾದ್ರ ಪುಸ್ತಕ ಐತಿ, ನೋಡ್ರಿ. ಆ ಹೆಂಗಸರೊಳಗ ನಿಮ್ಮ ಅಕ್ಕಾರು ಒಬ್ರು ಅಂತ ತಿಳಕೊಂಡ್ರ ಮುಗೀತು.”

ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಆದರೆ ಅವನ ಮಾತು ತಲೆಯಲ್ಲಿ ಉಳಿಯಿತು. ಆ ಒಟ್ಟು ಸಂಖ್ಯೆಯೊಳಗೆ ಅಕ್ಕ ಇದ್ದಾಳೋ ಇಲ್ಲವೋ ಎಂಬುದೇ ತಾನೆ ನಮ್ಮ ಪ್ರಶ್ನೆ?

ಬಸ್ಸಿಗೆ ಕಾಯುವಾಗ ಕಾದಂಬರಿಯ ಹಸ್ತಪ್ರತಿ ನೆನಪಾಯಿತು. ಅಪ್ಪನ ಒಂದು ಪದ್ಧತಿ ಇತ್ತು. ಗಣತಿ ಶುರುವಾಗುವ ಮೊದಲೇ ತನ್ನ ಪಾಲಿಗೆ ಬಂದ ಓಣಿಯ ಮನೆಮನೆಗೂ ಹೋಗಿ ಪೆನ್ಸಿಲ್ಲಿನಲ್ಲಿ ಒಂದು ಕಚ್ಚಾ ಪಟ್ಟಿ ಮಾಡಿಕೊಳ್ಳುತ್ತಿದ್ದ. ಆಮೇಲೆ ಯಾರಾದರೂ ಊರು ಬಿಟ್ಟರೆ, ಸತ್ತರೆ ಆ ಹೆಸರನ್ನು ರಬ್ಬರಿನಿಂದ ಅಳಿಸುತ್ತಿದ್ದ, ಹುಟ್ಟಿದವರನ್ನು ಸೇರಿಸುತ್ತಿದ್ದ. ಸರ್ಕಾರದ ಫಾರ್ಮಿಗೆ ಏರುತ್ತಿದ್ದುದು ಹಾಗೆ ತಿದ್ದಿದ ಪಟ್ಟಿ. ಕೆಲಸ ಮುಗಿದ ಮೇಲೆ ಆ ಕಚ್ಚಾ ಹಾಳೆಗಳ ಖಾಲಿ ಬೆನ್ನಿಗೆ ಕಾದಂಬರಿ ಬರೆದ. ಆ ಕಟ್ಟು ನನ್ನ ಬಳಿಯೇ ಇದೆ. ಎಷ್ಟೋ ಸಲ ಓದಿದ್ದೆ, ಆದರೆ ಹಿಂಬದಿಯ ಪೆನ್ಸಿಲ್ ಬರಹವನ್ನು ರದ್ದಿ ಎಂದೇ ಬಿಟ್ಟಿದ್ದೆ. ಇತಿಹಾಸದ ಆಕರಗಳ ಬಗ್ಗೆ ಮಂದಿಗೆ ಪಾಠ ಹೇಳುವವನು ಮಾಡಬಾರದ ತಪ್ಪು.

ಒಂದಿಡೀ ಬೆಳಗು ಹಾಳೆಗಳನ್ನು ತಿರುವಿ ಹಾಕಿದೆ. ಬಡಿಗೇರರ ಮನೆ, ಪಿಂಜಾರರ ಮನೆ, ಹಿಟ್ಟಿನ ಗಿರಣಿಯವರ ಮನೆ. ಕೊನೆಗೆ ನಮ್ಮದು ಸಿಕ್ಕಿತು. ಮೊದಲ ಸಾಲಿನಲ್ಲಿ ಅಪ್ಪ, ಎರಡನೆಯದರಲ್ಲಿ ಅವ್ವ, ಮೂರನೆಯದರಲ್ಲಿ ನಾನು. ನಾಲ್ಕನೆಯ ಸಾಲನ್ನು ಅಳಿಸಲಾಗಿತ್ತು. ಉಜ್ಜಿ ಉಜ್ಜಿ ಕಾಗದ ಅಲ್ಲಿ ತೆಳ್ಳಗಾಗಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲ್ ಒತ್ತಿದ ಗೆರೆಗಳು ಕಾಣುತ್ತಿದ್ದವು. ಅದು ಅಕ್ಕನ ಹೆಸರು.

ಖುಷಿಪಡಬೇಕಿತ್ತು. ನನಗೆ ಸಂಶಯ ಬಂತು. ಕಾದಂಬರಿಗೊಬ್ಬಳು ಮಗಳು ಬೇಕಾದಾಗ ಅಪ್ಪ ತನ್ನ ಮನೆಯ ಪಟ್ಟಿಯಲ್ಲಿ ಅವಳನ್ನು ಬರೆದು ನೋಡಿ, ಸರಿಬರದೆ ಅಳಿಸಿದನೇ? ನಿಜಕ್ಕೂ ಮನೆಯಲ್ಲಿ ಇದ್ದವಳನ್ನೇ ಅಳಿಸಿದನೇ? ಹಾಗಿದ್ದರೆ ಯಾಕೆ? ರಬ್ಬರು ಉಜ್ಜಿದ ಕಾಗದಕ್ಕೆ ಕಾರಣ ಹೇಳಲು ಬಾರದು.

ಯಲಬುರ್ಗಾದಲ್ಲಿ ಅಳಿಸಿದ್ದರೆ ಗಂಗಾವತಿಯಲ್ಲಿ ಬರೆಸಿರಬೇಕು ಎಂದುಕೊಂಡು ಸೋದರಮಾವನ ಮನೆಗೆ ಹೋದೆ. ಆ ಮನೆಯಲ್ಲಿ ಅಕ್ಕನ ಬಾಲ್ಯ ಕಂಡವರಲ್ಲಿ ಈಗ ಉಳಿದಿರುವವನು ಅವನೊಬ್ಬನೇ. ಕಾಲುವೆ ಕಡೆ ಗದ್ದೆ ನೋಡಿಕೊಂಡು ಬಂದು, ಕಾಲು ತೊಳೆದು, ಕಟ್ಟೆಯ ಮೇಲೆ ಕೂತಿದ್ದ. ಎಣಿಸುವವರು ಬಂದ ದಿನ ಅವನಿಗೆ ಚೆನ್ನಾಗಿ ನೆನಪಿತ್ತು.

“ನಮ್ಮವ್ವ ಬಾಗಲದಾಗ ನಿಂತು ಎಲ್ಲಾರ ಹೆಸರು ಹೇಳಿದ್ಲು. ನಿಮ್ಮಕ್ಕ ಅಲ್ಲೇ ಆಡಾಕತ್ತಿದ್ಲು. ಬರಿಯಾಂವ ‘ಈ ಕೂಸು ಯಾರದು?’ ಅಂದ. ‘ಅದು ನಮ್ದಲ್ಲಪಾ, ಯಲಬುರ್ಗಾ ಮಾಸ್ತರಂದು, ಅಲ್ಲೇ ಬರದಿರ್ತಾರ’ ಅಂದ್ಲು.”

“ಇಲ್ಲೇ ಇದ್ದಾಕಿನ್ನ ಯಾಕ ಬರಸಲಿಲ್ಲ ಮಾವಾ?”

“ತವರಮನ್ಯಾಗ ಮಗಳ ಕೂಸಿನ ಹೆಸರು ಬರಸಿದ್ರ ಓಣ್ಯಾಗ ಏನಂತಾರ? ಅಳಿಯ ಬಿಟ್ಟಾನ, ಮಗಳು ಹೊಳ್ಳಿ ಬಂದಾಳ ಅಂತಾರ. ನಮ್ಮವ್ವ ಅಷ್ಟು ತಿಳೀದಾಕಿ ಏನು?”

ಒಬ್ಬರು ಬರೆದಿರುತ್ತಾರೆಂದು ಇನ್ನೊಬ್ಬರು ಬಿಟ್ಟರು. ಒಂದು ಕಡೆ ನಿಯಮದ ಮಾಸ್ತರ, ಇನ್ನೊಂದು ಕಡೆ ಮಾನದ ಅಜ್ಜಿ. ನಡುವೆ ಒಂದು ಹುಡುಗಿ ಯಾವ ಊರಿನ ಲೆಕ್ಕಕ್ಕೂ ಬರಲಿಲ್ಲ.

“ಗಣತಿಗಿಂತ ಮೊದಲ ಅಕ್ಕ ಯಲಬುರ್ಗಾದಾಗ ಇದ್ಲೇನು?”

ಮಾವ ಮೀಸೆ ತಿರುವಿದ. “ಒಂದಷ್ಟು ತಿಂಗಳು ಇದ್ಲಪಾ. ದಸರಾ ಮುಗದ ಮ್ಯಾಲೆ ನಿಮ್ಮಪ್ಪ ಬಂದು ಕರಕೊಂಡು ಹೋಗಿದ್ದ. ಓಣಿ ಮಂದಿ ಹೆಸರು ಓದಸ್ತಿದ್ನಂತ ಅಕಿ ಕಡೆ.”

ನನ್ನ ಕಿವಿ ನೆಟ್ಟಗಾಯಿತು. “ಮಾವಾ, ಅಪ್ಪನ ಕಾದಂಬರಿ ಓದೀಯೇನು?”

“ಓದದ ಇರ್ತೀನೇನಲೇ? ಎರಡು ಸಲ ಓದೀನಿ. ಛಲೋ ಬರದಾನ.”

ಸಾಕ್ಷಿ ಕೆಟ್ಟಿತು. ಅವನು ಹೇಳಿದ್ದರಲ್ಲಿ ಕಂಡದ್ದೆಷ್ಟು, ಓದಿದ್ದೆಷ್ಟು ಎಂದು ಬಿಡಿಸುವ ಉಪಾಯ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಾರದು.

ಸಂಜೆ ಅಕ್ಕನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅಜ್ಜಿಯ ಮಾತು ಕೇಳಿ ಗಟ್ಟಿಯಾಗಿ ನಕ್ಕಳು. “ಹಂಗಾದ್ರ ನಾ ಅಲ್ಲಿನೂ ಇಲ್ಲ, ಇಲ್ಲಿನೂ ಇಲ್ಲ. ಸರ್ಕಾರ ನನಗ ರೇಷನ್ ಹೆಂಗ ಕೊಡಾಕತ್ತೈತಿ?” ಆಮೇಲೆ ಅವಳ ದನಿ ಬದಲಾಯಿತು. “ಅಳಿಸ್ಯಾನ ಅಂದ್ಯಲ್ಲ. ಬರೀದ ಇದ್ದಿದ್ರ ಒಂದು ಮಾತು. ಬರದು ಅಳಿಸ್ಯಾನ.”

“ಆ ಹಾಳಿ ಮ್ಯಾಲಿನ್ನೂ ನನಗ ಪೂರಾ ನಂಬಿಕಿ ಇಲ್ಲಕ್ಕ.”

“ನಿನಗ ಯಾವುದರ ಮ್ಯಾಲೆ ಐತಿ? ನೋಡು, ಅಪ್ಪನ ಕಾದಂಬರಿ ಓದದಂಥಾ ಒಂದು ಸಾಕ್ಷಿ ತಂದು ತೋರಸು. ಆಮ್ಯಾಲೆ ಮಾತಾಡೋಣು.”

ಕಾದಂಬರಿ ಓದದ ಸಾಕ್ಷಿ. ಅಪ್ಪನ ಹೆಸರು ಹೇಳಿದರೆ ಬಸ್ಸಿನ ಕಂಡಕ್ಟರ್ ಕೂಡ ಕತೆ ಹೇಳುವ ಊರುಗಳಲ್ಲಿ ಅದು ಸುಲಭವಲ್ಲ. ಮನುಷ್ಯರನ್ನು ಬಿಟ್ಟು ಕಾಗದವನ್ನೇ ಹುಡುಕಬೇಕಿತ್ತು, ಅದೂ ಅಪ್ಪನ ಕೈ ಸೋಕದ ಕಾಗದ. ಅಕ್ಕ ದಸರಾದ ನಂತರ ಯಲಬುರ್ಗಾದಲ್ಲಿ ಇದ್ದದ್ದು ನಿಜವಾದರೆ, ಮಾಸ್ತರನ ಮಗಳು ಶಾಲೆಗೆ ಹೋಗದೆ ಇದ್ದಿರಲಾರಳು. ಕುಕನೂರಿನ ಮೇಲೆ ಹೋಗುವ ಬಸ್ಸು ಹಿಡಿದು ಯಲಬುರ್ಗಾದ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಬಳ್ಳಾರಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಅಪ್ಪನ ಹೆಸರು ಕೇಳಿ ‘ಯಾರ್ರಿ ಅವರು?’ ಎಂದರು. ಅದೊಂದು ಮಾತಿಗೇ ಅವರ ಮೇಲೆ ನನಗೆ ವಿಶ್ವಾಸ ಹುಟ್ಟಿತು.

ಹಳೆಯ ದಾಖಲಾತಿ ರಿಜಿಸ್ಟರ್ ಕಪಾಟಿನ ತಳದಲ್ಲಿತ್ತು. ಗಣತಿ ನಡೆದ ಶಾಲಾ ವರ್ಷದ ಪುಟಗಳಲ್ಲಿ, ಅಪ್ಪನದಲ್ಲದ ದುಂಡು ಅಕ್ಷರದಲ್ಲಿ, ಅಕ್ಕನ ಹೆಸರು ಇತ್ತು. ಎರಡನೆಯ ತರಗತಿ, ಹಿಂದಿನ ಊರು ಗಂಗಾವತಿ. ದಸರಾ ರಜೆ ಮುಗಿದ ಮೇಲೆ ಸೇರಿದ್ದಳು. ಸಂಕ್ರಾಂತಿಯಾದ ಒಂದು ವಾರಕ್ಕೆ, ಗಣತಿಗೆ ಇನ್ನೂ ದಿನಗಳಿದ್ದಾಗ, ಹೆಸರು ತೆಗೆಸಿದ್ದರು. ಕಚ್ಚಾ ಪಟ್ಟಿ ಮಾಡುವಾಗ ಇದ್ದಳು, ಎಣಿಸುವ ಹೊತ್ತಿಗೆ ಇರಲಿಲ್ಲ. ಬೇರೆಯವರ ಮನೆಗೆ ಅನ್ವಯಿಸಿದ ನಿಯಮವನ್ನೇ ಅಪ್ಪ ತನ್ನ ಮನೆಗೂ ಅನ್ವಯಿಸಿದ್ದ. ಅಷ್ಟು ತಿಂಗಳನ್ನು ಅಕ್ಕ ಹೇಗೆ ಮರೆತಳೋ. ಅದು ಮರೆವೋ, ಸಿಟ್ಟೋ, ಕೇಳುವ ಧೈರ್ಯ ನನಗಿಲ್ಲ.

ಶಾಲೆಯ ಅಂಗಳದಲ್ಲೇ ನಿಂತು ಅವಳಿಗೆ ಫೋನ್ ಮಾಡಿದೆ. ಹೇಳಿ ಮುಗಿಸುವಷ್ಟರಲ್ಲಿ ಆ ಕಡೆ ಹೊಲಿಗೆ ಮಷಿನಿನ ಸದ್ದು ನಿಂತಿತು.

“ಸಾಲಿ ಬಿಡಿಸಿದಾವರು ಯಾರಂತ ಬರದೈತಿ?” ಎಂದು ಕೇಳಿದಳು. “ಅಪ್ಪನ ನನ್ನ ತಂದು ಬಿಟ್ಟು ಹೋದನಂತ ಗಂಗಾವತ್ಯಾಗ ಎಲ್ಲಾರೂ ಹೇಳ್ತಿದ್ರು. ಅದನ್ನ ನೋಡಿ ಹೇಳು.”

ನಾನು ಆ ಕಾಲಂ ನೋಡಿರಲಿಲ್ಲ. ಒಳಗೆ ಹೋಗುವಷ್ಟರಲ್ಲಿ ಕಪಾಟಿಗೆ ಬೀಗ ಬಿದ್ದಿತ್ತು, ಮುಖ್ಯೋಪಾಧ್ಯಾಯಿನಿ ಮೀಟಿಂಗಿಗೆ ಹೊರಟಿದ್ದರು. ಊಹಿಸಿ ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಆ ನಾಲ್ಕು ದಿನ ಅಕ್ಕ ಪ್ರಕಾಶಕರ ಫೋನ್ ಎತ್ತಲಿಲ್ಲ, ನನ್ನದನ್ನೂ ಎತ್ತಲಿಲ್ಲ. ಉತ್ತರ ತಿಳಿದ ಮೇಲೆ ಎರಡೇ ಪುಟ ಬರೆದು ಕಳಿಸಿದಳು. ಅದರಲ್ಲಿ ಯಲಬುರ್ಗಾದ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂದು ಬರೆದಿದ್ದಾಳೆ. ಅದು ನಿಜವೋ, ಎಂಟನೆಯ ಅಧ್ಯಾಯದಿಂದ ಎತ್ತಿದ್ದೋ ಎಂಬ ಅನುಮಾನ ನನಗಿನ್ನೂ ಇದೆ.

ನಾನು ಎರಡನೆಯ ಸಲ ಹೋಗಿ, ಕಣ್ಣಾರೆ ನೋಡಿ, ಖಚಿತಪಡಿಸಿಕೊಂಡದ್ದು ಒಂದೇ. ಅಪ್ಪ ಅದೇ ಶಾಲೆಯ ಮಾಸ್ತರ. ಅವನ ಸಹಿ ಅಲ್ಲಿಲ್ಲ, ಅವ್ವನದೂ ಇಲ್ಲ. ಮಗುವನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋದವರ ಕಾಲಮ್ಮಿನಲ್ಲಿ ಇರುವುದು ಒಂದು ಎಡಗೈ ಹೆಬ್ಬೆಟ್ಟಿನ ಗುರುತು. ಅದರ ಮಗ್ಗುಲಿಗೆ ದುಂಡು ಅಕ್ಷರದಲ್ಲಿ ‘ತಾಯಿಯ ತಾಯಿ, ಗಂಗಾವತಿ’ ಎಂದು ಬರೆದಿದೆ.