ಹಿಂಬದಿಯ ಹಸಿರು

ಹಬ್ಬಕ್ಕೆ ಮನೆ ಒಪ್ಪ ಮಾಡುವಾಗ ಪಡಸಾಲೆಯ ಪಶ್ಚಿಮದ ಕಿಟಕಿಯ ಪರದೆ ಇಳಿಸಿದೆ. ಹಳೆಯ ಸೀರೆಯೊಂದನ್ನು ಕತ್ತರಿಸಿ ಹೊಲಿಸಿದ್ದ ಪರದೆ ಅದು. ವರ್ಷಗಟ್ಟಲೆ ಮಧ್ಯಾಹ್ನದ ಬಿಸಿಲು ಕುಡಿದು ಬೂದಿ ಬೆರೆತ ನೀಲಿಯಾಗಿ ಹೋಗಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ‘ನೀಲಿ ಪರದೆ’ ಎಂದೇ ಹೆಸರು. ಇನ್ನು ಇದನ್ನು ಮತ್ತೆ ಹಾಕುವುದು ಬೇಡ, ಒರೆಸುವ ಬಟ್ಟೆಗಾದರೂ ಆದೀತು ಎಂದುಕೊಂಡು ಕೆಳಗಿನ ಮಡಿಕೆಯ ಹೊಲಿಗೆ ಬಿಚ್ಚಿದೆ. ಮಡಿಕೆಯ ಒಳಗೆ ನಾಲ್ಕು ಬೆರಳಗಲ ಹಸಿರು ಹಾಗೇ ಉಳಿದಿತ್ತು... ಗಿಳಿ ಹಸಿರಲ್ಲ, ಪಾಚಿ ಹಸಿರೂ ಅಲ್ಲ, ಬಲಿಯುವುದಕ್ಕೆ ಮುಂಚಿನ ಮಾವಿನೆಲೆಯ ಹಸಿರು. ಆ ಸೀರೆ ಮೊದಲು ಹಸಿರಾಗಿತ್ತು ಎಂಬುದೇ ನನಗೆ ಮರೆತುಹೋಗಿತ್ತು. ಪರದೆಯನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಕೂತುಬಿಟ್ಟೆ. ಅದು ಎದುರುಮನೆ ಅತ್ತೆ ನೇಯಿಸಿಕೊಟ್ಟ ಸೀರೆ.

ಅತ್ತೆ ಎಂದರೆ ನಂಟಿನ ಅತ್ತೆಯಲ್ಲ. ನನ್ನ ತವರು ದೊಡ್ಡಬಳ್ಳಾಪುರದಲ್ಲಿ, ನಮ್ಮ ಬೀದಿಯ ಎದುರು ಸಾಲಿನಲ್ಲಿ ಅವರ ಮನೆ. ಮುಂದೆ ಎರಡು ಕೋಣೆ, ಹಿಂದೆ ವಿದ್ಯುತ್ ಮಗ್ಗಗಳು. ಗಂಡ ಹೋದ ಮೇಲೆ ಮಗನನ್ನು ಇಟ್ಟುಕೊಂಡು ಅವರೇ ಮಗ್ಗ ನಡೆಸುತ್ತಿದ್ದರು. ನಮ್ಮ ಬೀದಿಯವರೆಲ್ಲ ಗಟ್ಟಿ ಗಂಟಲಿನವರು. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅದೇ ರೂಢಿಯಾಗಿ, ಹೊರಗಿನವರಿಗೆ ನಾವು ಸದಾ ಜಗಳವಾಡುತ್ತಿದ್ದೇವೆ ಅನ್ನಿಸುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತ ಗಳಿಗೆಯಲ್ಲಂತೂ ಯಾರ ಮನೆಯ ಗುಟ್ಟು ಬೇಕಾದರೂ ಬೀದಿಗೆ ಬೀಳುತ್ತಿತ್ತು.

ಅತ್ತೆಗೆ ಒಂದು ಅಭ್ಯಾಸ. ಎಂಥ ಸೀರೆ ಕೊಟ್ಟರೂ ಮೊದಲು ತಿರುವಿ ಹಿಂಬದಿ ನೋಡುವುದು. ನೇಯುವವರೆಲ್ಲ ಹಾಗೇ, ಆದರೆ ಇವರದು ಸ್ವಲ್ಪ ಅತಿ. ಮದುವೆ ಮನೆಯಲ್ಲಿ ಬೀಗಿತ್ತಿಯ ಸೆರಗನ್ನೇ ಮಾತಿನ ನೆಪದಲ್ಲಿ ಹಿಡಿದು, ಹೆಬ್ಬೆರಳಿನಿಂದ ಮಗುಚಿ ನೋಡಿಬಿಡುತ್ತಿದ್ದರು. ನಮ್ಮಮ್ಮ ನಾಚಿಕೆಯಿಂದ ಅವರ ತೊಡೆ ಚಿವುಟುತ್ತಿದ್ದರು. ಎದುರಿಗೆ ಎಲ್ಲರೂ ಲಕ್ಷಣವಾಗಿಯೇ ಕಾಣುತ್ತಾರೆ, ನೇಯ್ದವನ ಕೈ ಗೊತ್ತಾಗುವುದು ಹಿಂದುಗಡೆಯೇ ಎನ್ನುವುದು ಅವರ ವಾದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅಮ್ಮ ಕೈಬಿಟ್ಟಿದ್ದರು.

ಅವರ ಮಗ್ಗದ ಮನೆಯ ಗೋಡೆಯಲ್ಲಿ ನೂಲಿನ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ವರ್ಷ ಮುಗಿದು ಎಷ್ಟೋ ಕಾಲವಾಗಿದ್ದರೂ ಅತ್ತೆ ಅದನ್ನು ಇಳಿಸಿರಲಿಲ್ಲ. ಅದರಲ್ಲಿ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ, ಕೆಳಗೆ ಹುಲ್ಲುಗಾವಲು, ಒಂದು ಮರದ ಮನೆ. ಕಡಿದ ಎಳೆಗೆ ಗಂಟು ಹಾಕಿ ತಲೆಯೆತ್ತಿದಾಗಲೆಲ್ಲ ಅವರ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಗೇಣು ದೂರದ ಎಳೆಯನ್ನೇ ನೋಡಿದ್ದೇನೆ, ಅಷ್ಟು ದೂರದ್ದನ್ನು ಕಣ್ಣು ತುಂಬ ನೋಡಿದರೆ ಹೇಗಿರುತ್ತದೋ ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ಇರಬೇಕು, ಅತ್ತೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ಪಕ್ಕದಲ್ಲಿ ನಿಂತವರು ಅವರಿಗೆ ಕಾಣುತ್ತಿರಲಿಲ್ಲ. ಬೆಂಗಳೂರಿನ ಕಣ್ಣಾಸ್ಪತ್ರೆಗೆ ಮಗನೂ ನಾನೂ ಕರೆದುಕೊಂಡು ಹೋದೆವು. ಡಾಕ್ಟರು ಒಳ್ಳೆಯವರು, ಮುಚ್ಚಿಡಲಿಲ್ಲ. ಕಣ್ಣಿನ ನರ ಸಾಯುತ್ತಿದೆ, ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಒಂದಷ್ಟು ಕಾಲ ಹಿಡಿದಿಡಬಹುದು ಎಂದರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಊರು ಹತ್ತಿರ ಬಂದಾಗ, ಆ ಕ್ಯಾಲೆಂಡರ್ ಬೆಟ್ಟ ನೋಡಬೇಕು ಎಂದರು.

ಬೀದಿಗೆ ಬೀದಿಯೇ ನಕ್ಕಿತು. ಹೋಗುವುದಿದ್ದರೆ ಕಾಶಿಗೆ ಹೋಗಲಿ, ಪುಣ್ಯವಾದರೂ ಬಂದೀತು ಎಂದರು ಹಿರಿಯರು. ನಮ್ಮಮ್ಮನೂ ಅದನ್ನೇ ಹೇಳಿದಾಗ ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದರು.

“ಕಾಶಿಗೆ ಕಣ್ಣು ಹೋದ್ಮೇಲೂ ಹೋಗ್ಬೋದು ಕಣಕ್ಕಾ. ಅಲ್ಲಿ ದೇವ್ರೇ ನನ್ನ ನೋಡ್ತಾನೆ. ಇದನ್ನ ನಾನೇ ನೋಡ್ಬೇಕು.”

ಆಮೇಲೆ ಯಾರೂ ಕಾಶಿಯ ಸುದ್ದಿ ಎತ್ತಲಿಲ್ಲ. ಮಗ ತಾಯಿಯ ಮಾತು ಮೀರುವವನಲ್ಲ. ಬೆಂಗಳೂರಿನಿಂದ ಗುಂಪು ಕಟ್ಟಿಕೊಂಡು ಯುರೋಪಿಗೆ ಹೋಗುವವರ ಪತ್ತೆ ಮಾಡಿದ. ಮಗ್ಗ ಬಿಟ್ಟು ಅವನು ಬರುವ ಹಾಗಿರಲಿಲ್ಲ. ನಾನು ಬ್ಯಾಂಕಿನಲ್ಲಿ ಕೆಲಸಕ್ಕಿದ್ದೆ, ಇನ್ನೂ ಮದುವೆಯಾಗಿರಲಿಲ್ಲ, ಇಂಗ್ಲಿಷ್ ಬರುತ್ತಿತ್ತು, ಅತ್ತೆ ನನ್ನನ್ನೇ ಜೊತೆಗೆ ಬಾ ಎಂದರು, ಖರ್ಚಿಗೆ ತಾವು ಕೂಡಿಟ್ಟಿದ್ದ ಹಣ ತೆಗೆದರು. ಹೀಗೆ ತಿರುಪತಿಯಿಂದ ಆಚೆಗೆ ಹೋಗದ ನಾವಿಬ್ಬರು ಬೊಂಬಾಯಿಯಲ್ಲಿ ವಿಮಾನ ಹತ್ತಿ ರೋಮಿನಲ್ಲಿ ಇಳಿದೆವು. ಇಬ್ಬರಿಗೂ ಹೊಸ ಸ್ವೆಟರ್, ಅತ್ತೆಯ ಚೀಲದಲ್ಲಿ ಚಟ್ನಿಪುಡಿ, ಕಣ್ಣಿನ ಹನಿ ಔಷಧಿ.

ನಮ್ಮ ಗುಂಪಿನವರೆಲ್ಲ ಕ್ಯಾಮೆರಾ ಎತ್ತಿ, ಚಿತ್ರ ತೆಗೆದು, ಮುಂದಕ್ಕೆ ಹೋಗುವವರು. ಅತ್ತೆಗೆ ಹಾಗೆ ಆಗುತ್ತಿರಲಿಲ್ಲ. ಅವರಿಗೆ ಉಳಿದಿದ್ದು ಕೊಳವೆಯಲ್ಲಿ ಇಣುಕಿದಷ್ಟು ನೋಟ. ರೋಮಿನ ದೊಡ್ಡ ಚರ್ಚಿನ ಒಳಗೆ ಒಂದು ಕಂಬದ ಬುಡದಿಂದ ಶುರುಮಾಡಿ, ಕತ್ತು ಮೆಲ್ಲಗೆ ಎತ್ತುತ್ತಾ ಎತ್ತುತ್ತಾ ಗುಮ್ಮಟದವರೆಗೆ ಹೋಗಿ, ಮತ್ತೆ ಇಳಿದು, ಪಕ್ಕದ ಕಂಬ ಹಿಡಿಯುತ್ತಿದ್ದರು. ಅಷ್ಟು ಎತ್ತರವನ್ನು ನಾನು ಒಂದೇ ಸಲಕ್ಕೆ ನೋಡಿ ಮುಗಿಸಿದ್ದೆ. ಅವರ ಪಕ್ಕ ನಿಂತು ಮತ್ತೆ ಕೆಳಗಿನಿಂದ ನೋಡಿದಾಗ ಮೈ ಜುಮ್ಮೆಂದಿತು. ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು, ಅದರ ಮೇಲೆ ಮತ್ತೊಂದು... ಮನುಷ್ಯರು ಏರಿಸಿದ್ದು. “ಇದನ್ನ ಶುರು ಮಾಡ್ದೋರು ಮುಗಿದಿದ್ದು ನೋಡಿರ್ತಾರಾ?” ಎಂದು ಅತ್ತೆ ನಮ್ಮ ಬೀದಿಯ ಗಂಟಲಿನಲ್ಲೇ ಕೇಳಿದರು. ಮಾತು ಗುಮ್ಮಟಕ್ಕೆ ಹೋಗಿ ತಿರುಗಿ ಬಂತು. ಪ್ರಾರ್ಥನೆಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ಮಾತ್ರ ತಮ್ಮ ದನಿ ಅಷ್ಟು ಎತ್ತರಕ್ಕೆ ಹೋಗಿ ಬಂದಿದ್ದಕ್ಕೆ ಬೆರಗಾಗಿ ನಿಂತಿದ್ದರು.

ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು. ಎಡಗಡೆ ಏನಿದೆ, ಬಲಗಡೆ ಏನಿದೆ ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ದ್ರಾಕ್ಷಿ ತೋಟ ಬಂದಾಗ ಹೇಳಬೇಕಾಗಲಿಲ್ಲ, ಅವರೇ ಕಂಡುಕೊಂಡರು. ದೇವನಹಳ್ಳಿ ಕಡೆ ನಮ್ಮವರು ಚಪ್ಪರ ಹಾಕಿ ಬಳ್ಳಿಯನ್ನು ಮೇಲೆ ಮಲಗಿಸುತ್ತಾರೆ, ಇವರು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿದ್ದಾರಲ್ಲ ಎಂದು ಎಷ್ಟೋ ಮೈಲಿ ಅದನ್ನೇ ನೋಡಿದರು. ಪ್ರತಿ ರಾತ್ರಿ ಮಲಗುವ ಮುಂಚೆ, ನಾಳೆ ಬೆಟ್ಟವಾ ಎಂದು ವಿಚಾರಿಸುತ್ತಿದ್ದರು.

ಕೊನೆಗೆ ಬೆಟ್ಟದ ದಿನವೂ ಬಂತು. ತಂತಿಗೆ ತೂಗುವ ಡಬ್ಬಿಯಲ್ಲಿ ಕೂರಿಸಿ ನಮ್ಮನ್ನು ಮೇಲಕ್ಕೆ ಎಳೆದರು. ಅರ್ಧ ದಾರಿಯಲ್ಲಿ ಮಂಜು ಮುಚ್ಚಿತು. ತುದಿಯಲ್ಲಿ ಇಳಿದರೆ ಬೆಟ್ಟವಿಲ್ಲ, ಕಣಿವೆಯಿಲ್ಲ, ಆಕಾಶವೂ ಇಲ್ಲ. ಸುತ್ತಲೂ ಬರೀ ಬಿಳುಪು. ನಮ್ಮವರು ಹಿಮದ ಉಂಡೆ ಎಸೆದಾಡಿ, ಚಳಿಗೆ ಬೈದು, ಕಾಫಿ ಕುಡಿಯಲು ಒಳಗೆ ಹೋದರು. ಅತ್ತೆ ಕಟಕಟೆಯ ಕಂಬಿ ಹಿಡಿದು ನಿಂತೇ ಇದ್ದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

“ಇದು ಮಂಜಾ, ನನ್ನ ಕಣ್ಣಾ? ಸುಳ್ಳು ಹೇಳ್ಬೇಡ.”

“ಮಂಜು ಅತ್ತೆ. ನಿಮ್ಮಾಣೆಗೂ ಮಂಜು. ನಂಗೂ ಏನೂ ಕಾಣ್ತಿಲ್ಲ.”

ಅವರು ಉಸಿರು ಬಿಟ್ಟರು. ಆಮೇಲೆ ಕೈಗವಸು ತೆಗೆದು, ಕಂಬಿಯ ಮೇಲೆ ಕೂತಿದ್ದ ಹಿಮವನ್ನು ಬೆರಳಲ್ಲಿ ಮುಟ್ಟಿ, ನೂಲು ನೋಡುವ ಹಾಗೆ ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಟೂರ್ ಮ್ಯಾನೇಜರ್ ಎರಡು ಸಲ ಬಂದು ಕರೆದ. ಇನ್ನೊಂದು ಗಳಿಗೆ ಕಾದರೆ ಬಿಟ್ಟೀತು ಎಂದು ನಾನೂ ಬೇಡಿಕೊಂಡೆ. ಮಂಜು ಬಿಡಲಿಲ್ಲ, ನಾವು ಇಳಿದೆವು. ಅಷ್ಟು ದೂರ ಬಂದು ಹೀಗಾಯಿತಲ್ಲ ಎಂದು ನನಗೆ ಅಳು ಒತ್ತರಿಸಿಕೊಂಡು ಬರುತ್ತಿತ್ತು. ಅತ್ತೆ ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಲಿಲ್ಲ, ಎಡಬಲ ಏನೆಂದು ಕೇಳಲೂ ಇಲ್ಲ.

ಫ್ರಾನ್ಸಿನಲ್ಲಿ ನಮ್ಮನ್ನು ಒಂದು ಹಳೆಯ ಅರಮನೆಗೆ ಕರೆದೊಯ್ದರು. ಉದ್ದನೆಯ ಹಜಾರ, ಗೋಡೆಯ ತುಂಬ ಮೇಲಿಂದ ಕೆಳಗಿನವರೆಗೆ ಇಳಿಬಿಟ್ಟ ಭಾರೀ ಪರದೆಗಳು. ಬರೆದ ಚಿತ್ರಗಳೆಂದು ತಿಳಿದು ನಾನು ಮುಂದೆ ಹೋಗುತ್ತಿದ್ದೆ. ಅತ್ತೆ ನಿಂತುಬಿಟ್ಟರು. “ನೇಯ್ದಿದ್ದು ಕಣೇ ಇದು” ಎಂದರು. ಕುದುರೆ, ನಾಯಿ, ಬೇಟೆಗಾರರು, ಒಂದೊಂದು ಎಲೆಯೂ ಬೇರೆ ಬೇರೆ ಕಾಣುವ ದೊಡ್ಡ ಕಾಡು, ಎಲ್ಲವೂ ನೂಲಿನದು. ಕೈಯಲ್ಲಿ ಎಳೆ ಹಾಕಿ ಹಾಕಿ ನೇಯ್ದದ್ದು. ಪ್ರವಾಸದುದ್ದಕ್ಕೂ ದೂರದ್ದನ್ನು ಹುಡುಕುತ್ತಿದ್ದ ಅವರ ಕಣ್ಣು ಈಗ ಗೇಣು ದೂರದಲ್ಲಿ ಎಳೆಯ ಮೇಲೆ ನಡೆಯತೊಡಗಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬೆಟ್ಟದಿಂದ ಇಳಿದಾಗಿನಿಂದ ಬಾಡಿದ್ದ ಮುಖ ಅರಳುತ್ತಿತ್ತು.

ಆದರೆ ಕಾಡಿನ ಮರಗಳೆಲ್ಲ ನೀಲಿ. ನನಗೆ ಅದು ವಿಶೇಷವೆನಿಸಿರಲಿಲ್ಲ, ಹಳೆಯ ಕಾಲದವರು ಹೇಗೆ ಬೇಕೋ ಹಾಗೆ ಮಾಡಿಕೊಂಡಿರಬಹುದು ಎಂದುಕೊಂಡೆ. ಅತ್ತೆ ಮಾತ್ರ, ಮರ ಯಾಕೆ ನೀಲಿ, ಮರ ಯಾಕೆ ನೀಲಿ ಎಂದು ಗೊಣಗುತ್ತಿದ್ದರು. ನಾನು ಗುಂಪು ಎಲ್ಲಿ ಹೋಯಿತೆಂದು ಆಚೆ ತಿರುಗಿದ್ದಷ್ಟೇ. ಅಡ್ಡ ಕಟ್ಟಿದ್ದ ಹಗ್ಗವನ್ನು ದಾಟಿ, ಮದುವೆ ಮನೆಯಲ್ಲಿ ಬೀಗಿತ್ತಿಯ ಸೆರಗು ಹಿಡಿದ ಹಾಗೆ, ಅರಮನೆಯ ಪರದೆಯ ಮೂಲೆ ಹಿಡಿದು ಅತ್ತೆ ಮಗುಚಿಬಿಟ್ಟಿದ್ದರು. ಹಿಂದೆ ಒರಟು ಬಟ್ಟೆಯ ಒಳಪದರ, ಆ ಮೂಲೆಯಲ್ಲಿ ಅದರ ಹೊಲಿಗೆ ಬಿಟ್ಟಿತ್ತು.

ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು. ಕಾವಲಿನ ಹೆಂಗಸು ಓಡಿ ಬಂದಳು. ಅವಳು ತನ್ನ ಭಾಷೆಯಲ್ಲಿ ಕೂಗುತ್ತಿದ್ದಳು, ಅತ್ತೆ ಮೂಲೆ ಬಿಡದೆ ಬಗ್ಗಿ ಒಳಗೆ ಇಣುಕುತ್ತಿದ್ದರು. ನಾನು ರಟ್ಟೆ ಹಿಡಿದು ಎಳೆದ ಮೇಲೆಯೇ ಬಿಟ್ಟಿದ್ದು. ಅತ್ತೆ ಆಕೆಗೆ ಕೈ ಮುಗಿದು, “ಕೋಪ ಮಾಡ್ಕೋಬೇಡಮ್ಮಾ, ಹಿಂದೆ ನೋಡ್ದೆ ಹೆಂಗೆ ಗೊತ್ತಾಗ್ತದೆ?” ಎಂದು ಸಮಾಧಾನದಿಂದ ಕೇಳಿದರು. ಆಕೆ ಕರಗಲಿಲ್ಲ, ಕರಗಬೇಕಾಗಿಯೂ ಇರಲಿಲ್ಲ. ನಾನು ನನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಸುರಿದು ಕ್ಷಮೆ ಕೇಳಿದೆ. ನಮ್ಮಿಬ್ಬರನ್ನು ಹಜಾರದಿಂದ ಹೊರಗೆ ಕಳಿಸಿದರು. ಗುಂಪಿನವರ ಮುಂದೆ ತಲೆ ಎತ್ತದಂತಾಯಿತು ಎಂದು ಟೂರ್ ಮ್ಯಾನೇಜರ್ ಸಿಡುಕಿದ.

ಅತ್ತೆ ತೋಟದ ಬೆಂಚಿನ ಮೇಲೆ ಕುಸಿದು ಕೂತರು. ಹೆದರಿದ್ದಾರೆ ಎಂದುಕೊಂಡು ನೀರು ಕೊಟ್ಟೆ. ಅವರು ಹೆದರಿರಲಿಲ್ಲ.

“ಹಿಂದೆ ಹಸಿರೈತೆ ಕಣೇ. ಎದುರ್ಗಡೆ ಹಸಿರೊಳ್ಗಿದ್ದ ಅರಿಶಿನದ ಬಣ್ಣಾನ ಬಿಸ್ಲು ತಿಂದ್ಬಿಟ್ಟೈತೆ, ಅದ್ಕೇ ನೀಲಿ ಉಳ್ಕೊಂಡಿರೋದು. ಹಿಂದೆ ಹಂಗೇ ಐತೆ... ಆ ನೇಯ್ದೋನು ನೋಡಿದ್ದ ಬಣ್ಣ ನಾನು ನೋಡ್ಬಿಟ್ಟೆ.”

ಅವರ ಕಣ್ಣಲ್ಲಿ ನೀರು ತುಂಬಿತ್ತು. ಯಾವ ಕಾಲದ ಯಾವ ಊರಿನವನೋ, ಸತ್ತು ಮಣ್ಣಾಗಿ ಎಷ್ಟು ತಲೆಮಾರು ಕಳೆದಿತ್ತೋ. ಅವನ ಮುಂದಿದ್ದ ಹಸಿರು ಇವರ ಕಣ್ಣಿಗೆ ಬಿದ್ದಿತ್ತು. ಆ ಇಡೀ ಪ್ರವಾಸದಲ್ಲಿ ನಾನು ಕಂಡ ಅತಿ ದೊಡ್ಡ ಬೆರಗು ಆ ಬೆಂಚಿನ ಮೇಲೆ ಕೂತಿತ್ತು. ಹೋಟೆಲಿಗೆ ಹಿಂತಿರುಗುವಾಗ ಅತ್ತೆ ಮತ್ತೆ, ಎಡಗಡೆ ಏನೈತೆ ಎಂದು ಕೇಳಿದರು.

ಊರಿಗೆ ಬಂದ ಮೇಲೆ ಅವರಿಗೆ ಆ ಹಸಿರಿನದೇ ಧ್ಯಾನ. ಬಣ್ಣ ಹಾಕುವವರ ಮನೆಗೆ ಮಗನ ಕೈ ಹಿಡಿದುಕೊಂಡು ಹೋಗಿ ಕೂರುತ್ತಿದ್ದರು. ಹಾಕಿಸಿದ ನೂಲನ್ನು ಅಂಗಳದ ಬೆಳಕಿಗೆ ಹಿಡಿದು, ಇದಲ್ಲ ಎಂದು ಹಿಂದಕ್ಕೆ ಕೊಡುತ್ತಿದ್ದರು. ಅಜ್ಜಿಗೆ ಫಾರಿನ್ ಗಾಳಿ ಬಡಿದಿದೆ ಎಂದು ಬಣ್ಣದವರು ತಮಾಷೆ ಮಾಡುತ್ತಿದ್ದರು. ಒಂದು ದಿನ ಅತ್ತೆ ಇದೇ ಎಂದರಂತೆ. ಆ ನೂಲಿನಲ್ಲಿ ಒಂದೇ ಒಂದು ಸೀರೆ ನೇಯಿಸಿದರು. ನನ್ನ ಮದುವೆಗೆ ಅದನ್ನು ಮಡಿಲಿಗೆ ಹಾಕುವಾಗ, ಮೊದಲು ಹಿಂದೆ ನೋಡು ಎಂದರು. ಅವರು ಕೊನೆಯದಾಗಿ ಸ್ಪಷ್ಟವಾಗಿ ಕಂಡ ಬಣ್ಣ ಅದೇ ಇರಬೇಕು. ಮುಂದಿನ ಬೇಸಿಗೆಯ ಹೊತ್ತಿಗೆ ಮನೆಯ ಬಾಗಿಲನ್ನೂ ತಡವಿ ತಿಳಿಯಬೇಕಾಯಿತು.

ನಾನು ನೆಲಮಂಗಲದ ಸೊಸೆಯಾದೆ. ತವರಿಗೆ ಹೋದಾಗಲೆಲ್ಲ ಎದುರು ಜಗುಲಿಯಲ್ಲಿ ಅತ್ತೆ, ಸುತ್ತ ಬೀದಿಯ ಹೆಂಗಸರು. ಯುರೋಪಿನ ಕತೆ ಎಷ್ಟು ಸಲ ಹೇಳಿದರೂ ಅವರಿಗೆ ಬೇಸರವಿಲ್ಲ. ಬೆಟ್ಟ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಅಲ್ಲಿ ಉತ್ಪ್ರೇಕ್ಷೆಯೂ ಇಲ್ಲ, ಕೊರಗೂ ಇಲ್ಲ.

“ಮಂಜು ಮುಚ್ಕೊಂಡಿತ್ತು. ಆದ್ರೆ ಬೆಟ್ಟ ಅಲ್ಲೇ ಇತ್ತು.”

ಆ ಸೀರೆಯನ್ನು ಹಬ್ಬ ಹುಣ್ಣಿಮೆಗೆ ಉಟ್ಟೆ. ಮಡಿಕೆಗಳಲ್ಲಿ ರೇಷ್ಮೆ ಸೀಳತೊಡಗಿದ ಮೇಲೆ ಬಿಸಾಡಲು ಮನಸ್ಸು ಬಾರದೆ ಪರದೆ ಹೊಲಿಸಿದೆ. ಅಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದರು. ಆಮೇಲೆ ಬಿಸಿಲು ತನ್ನ ಕೆಲಸ ಮಾಡಿತು... ಎದುರುಮನೆಯಲ್ಲಿ ಈಗ ಮಗ್ಗಗಳಿಲ್ಲ, ಮಗ ಎಲ್ಲವನ್ನೂ ಮಾರಿ ಮನೆ ಬಾಡಿಗೆಗೆ ಕೊಟ್ಟಿದ್ದಾನೆ. ಮೊನ್ನೆ ಹೋದಾಗ ನಮ್ಮ ಬೀದಿಯಲ್ಲಿ ಜನ ಮೆಲ್ಲಗೆ ಮಾತಾಡುತ್ತಿದ್ದರು.

ಹೊಲಿಗೆಯನ್ನು ಪೂರ್ತಿ ಬಿಚ್ಚಿ, ಆ ನಾಲ್ಕು ಬೆರಳಗಲದ ಹಸಿರನ್ನು ಗೇಣು ದೂರದಲ್ಲಿ ಹಿಡಿದು ನೋಡಿದೆ. ಹೇಳಲೇಬೇಕು ಅನ್ನಿಸಿತು. “ಅತ್ತೆ, ಹಿಂದೆ ಹಂಗೇ ಐತೆ” ಎಂದು ಮಗ್ಗದ ಮನೆಯಲ್ಲಿ ಹೇಳುವಷ್ಟು ಗಟ್ಟಿಯಾಗಿ ಹೇಳಿಬಿಟ್ಟೆ.

ಒಳಗಿನಿಂದ ನಮ್ಮವರು, ಯಾರು ಬಂದಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ.